ಹೆಸರಿಲ್ಲದ ವ್ಯಕ್ತಿ ಹದಿನಾಲ್ಕು

ಇಪ್ಪತ್ತೊಂಬತ್ತು ವರ್ಷ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತ ಮನುಷ್ಯ ನಿವೃತ್ತನಾಗಿ ಮನೆ ಸೇರಿದರೆ ಮನೆಯವರ ಕಿವಿಗಳ ಗತಿ ಏನು ಎಂದು ಯಾರೂ ಮುಂಚಿತವಾಗಿ ವಿಚಾರ ಮಾಡಿರಲಿಲ್ಲ. ಕಂಟ್ರೋಲರ್ ಸಾಬಣ್ಣ ಬರುವಾಗ ಬೀಳ್ಕೊಡುಗೆಯ ಶಾಲು ತಂದ, ಗೋಡೆ ಗಡಿಯಾರ ತಂದ, ಅದರ ಮೇಲೆ, ಕೊಟ್ಟವರಿಗೆ ಬೀರದೇವರೇ ಒಳ್ಳೇ ಬುದ್ಧಿ ಕೊಡಲಿ, ನಾಲ್ಕು ಸೆಲ್ ಹಾಕಿದರೆ ಇಡೀ ಓಣಿಗೆ ಕೇಳಿಸುವ ಒಂದು ಕೈಮೈಕನ್ನೂ ತಂದ.

ಮರುದಿನದಿಂದ ಮನೆಯಲ್ಲಿ ಊಟಕ್ಕೂ ಪ್ರಕಟಣೆ, ಸ್ನಾನಕ್ಕೂ ಪ್ರಕಟಣೆ. "ಮಾನ್ಯರ ಗಮನಕ್ಕೆ, ಅಡುಗೆಮನೆಯಿಂದ ಹೊರಡಬೇಕಾದ ರೊಟ್ಟಿ ಹತ್ತು ನಿಮಿಷ ತಡವಾಗಿ ಹೊರಡಲಿದೆ" ಎಂದು ಅವನು ಪಡಸಾಲೆಯಿಂದ ಕೂಗಿದರೆ, ಎದುರುಮನೆಯ ಗುರುಬಸವ್ವ "ಯಾಕೋ ಇವತ್ತ ಮಾಯವ್ವಗ ಆರಾಮಿಲ್ಲ ಕಾಣ್ತೈತಿ" ಎಂದು ತನ್ನ ಮನೆಯಲ್ಲಿ ಕೂತೇ ಮರುಗುವಳು. ಒಂಬತ್ತನೆಯ ದಿನ ಹೆಂಡತಿ ಮಾಯವ್ವ ಆ ಕೈಮೈಕನ್ನು ಕಸಿದು, ಸೆಲ್ ತೆಗೆದು, ಜೋಳದ ಡಬ್ಬಿಯ ತಳದಲ್ಲಿ ಹುಗಿದಿಟ್ಟಳು. ಸಾಬಣ್ಣ ಅಟ್ಟದ ಮೇಲೆ ಹುಡುಕಿದ, ಹಾಸಿಗೆ ಕೊಡವಿದ, ಕೊನೆಗೆ ಗುರುಬಸವ್ವನ ಮೇಲೆ ಸಂಶಯಪಟ್ಟ. ಜೋಳದ ಡಬ್ಬಿಗೆ ಕೈ ಹಾಕುವುದು ಅವನ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಮೈಕು ಹೋಯಿತು, ಗಂಟಲು ಹೋಗಲಿಲ್ಲ. ಆಗ ಉಪಾಯ ತೆಗೆದವಳು ಸೊಸೆ ಭಾಗ್ಯಾ. ಬನಹಟ್ಟಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ಕಾಲೇಜಿನವರು ಹಳೆಯದೆಂದು ತೆಗೆದುಹಾಕಿದ ಕಂಪ್ಯೂಟರೊಂದನ್ನು ಸ್ಕೂಟಿಯ ಮುಂದಿಟ್ಟುಕೊಂಡು ಬಂದಳು. ಅದಕ್ಕೊಂದು ದೊಡ್ಡ ಹಾರ್ಡ್‌ಡಿಸ್ಕ್ ಜೋಡಿಸಿ, ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಕೂಡಿಸಿದಳು.

"ಇದಕ್ಕ ಸರ್ವರ್ ಅಂತಾರ್ರಿ ಮಾವಾರ," ಎಂದಳು. "ನಮ್ಮನಿ ಹಳೇ ಕ್ಯಾಸೆಟ್ಟು, ಸೀಡಿ, ಎಲ್ಲಾರ ಫೋನಿನ್ಯಾಗಿನ ವಿಡಿಯೋ, ಎಲ್ಲಾ ಇದರಾಗ ತುಂಬೇನಿ. ಸಿನಿಮಾ ಇದ್ದಂಗ ಸಾಲಾಗಿ ಟಿವಿಯೊಳಗ ಬರ್ತಾವು. ಆದ್ರ ಯಾವುದು ಯಾವುದಂತ ಗೊತ್ತಾಗಬೇಕಲ್ಲ? ಒಂದೊಂದಕ್ಕೂ ಹೆಸರು, ತಾರೀಖು, ಒಳಗ ಯಾರ್ಯಾರ ಅದಾರ ಅಂತ ಟ್ಯಾಗ್ ಹಚ್ಚಬೇಕು. ನಿಮ್ಮಂಥಾ ಶಿಸ್ತಿನ ಮನಷ್ಯಾರ ಬೇಕ್ರಿ ಇದಕ್ಕ."

ಶಿಸ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಾಬಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಒಟ್ಟು ನಾನೂರ ಹನ್ನೆರಡು ವಿಡಿಯೋ. ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಟಿವಿಯ ಮುಂದೆ ಡ್ಯೂಟಿಗೆ ಕೂತರೆ, ಹನ್ನೊಂದರ ಚಹಾದ ತನಕ ಅವನನ್ನು ಯಾರೂ ಮಾತಾಡಿಸುವಂತಿಲ್ಲ. ಮನೆ ತಣ್ಣಗಾಯಿತು. ಮಾಯವ್ವ ಸೊಸೆಗೆ ಅಂದು ಹೋಳಿಗೆ ಮಾಡಿಕೊಟ್ಟಳು.

ಆದರೆ ಸಾಬಣ್ಣನಿಗೆ ಲೋಕವನ್ನು ವಿಂಗಡಿಸುವ ಪದ್ಧತಿ ಗೊತ್ತಿದ್ದದ್ದು ಒಂದೇ. ವಾರ ಕಳೆದು ಭಾಗ್ಯಾ ನೋಡುತ್ತಾಳೆ, ಟಿವಿಯ ತುಂಬ ಬಸ್ಸಿನ ಬೋರ್ಡುಗಳು. ಮಗ ಮಾಳಿಂಗರಾಯ ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಸೇರಿದ ದಿನದ ವಿಡಿಯೋದ ಹೆಸರು 'ಮಹಾಲಿಂಗಪುರ–ಬಾಡಗಂಡಿ, ವಾಯಾ ಮುಧೋಳ, ನಿರ್ಗಮನ 7:10'. ಹುಟ್ಟುಹಬ್ಬಗಳೆಲ್ಲ ಎಕ್ಸ್‌ಪ್ರೆಸ್. ಕುರಿ ಉಣ್ಣೆ ಕತ್ತರಿಸುವುದು ಆರ್ಡಿನರಿ, ಎಲ್ಲ ನಿಲ್ದಾಣಗಳಲ್ಲೂ ನಿಲುಗಡೆ. ಮಗಳು ಪೂನಮ್ ಆರನೇ ಇಯತ್ತೆಯಲ್ಲಿ ಕುಣಿದು ನಡುವೆ ಹೆಜ್ಜೆ ಮರೆತು ಅತ್ತದ್ದಕ್ಕೆ 'ಮಾರ್ಗಮಧ್ಯೆ ಕೆಟ್ಟು ನಿಂತಿದೆ'. ಮಾಳಿಂಗರಾಯ ಭಾಗ್ಯಾಳನ್ನು ನೋಡುವ ಮೊದಲು ಬೀಳಗಿಯಲ್ಲೊಂದು ಕನ್ಯೆ ನೋಡಲು ಹೋಗಿದ್ದನಷ್ಟೆ, ಅದಕ್ಕೆ 'ಮಾರ್ಗ ರದ್ದು'. ಭಾಗ್ಯಾ ಆ ವಿಡಿಯೋವನ್ನು ಒಬ್ಬಳೇ ಕೂತು ಎರಡು ಸಲ ನೋಡಿದಳು. ಆ ವಾರ ಮಾಳಿಂಗರಾಯನ ಬುತ್ತಿಯಲ್ಲಿ ಚಟ್ನಿಗೆ ಖಾರ ಜಾಸ್ತಿಯಾಯಿತು.

ಮಾಯವ್ವನ ತೊಂದರೆ ಬೇರೆ. ಅವಳಿಗೆ ಗೋಕಾಕಕ್ಕೆ ಹೋಗಿ ಜಲಪಾತ ನೋಡಿದ ವಿಡಿಯೋ ಬೇಕು. ರಿಮೋಟಿನ ಗುಂಡಿ ಒತ್ತಿ ಬಾಯಿಂದ ಕೇಳಿದರೆ ಸಾಕು, ಬರುತ್ತದೆ ಎಂದು ಸೊಸೆ ಹೇಳಿದ್ದಳು. ಮಾಯವ್ವ ಸೆರಗು ಹೊದ್ದು, ಗುಂಡಿ ಒತ್ತಿ, "ಇವರು ಗೋಕಾಕಕ್ಕ ಹೋದದ್ದ ಹಚ್ಚು" ಎಂದಳು. ಟಿವಿ ಸುಮ್ಮನೆ ನೋಡಿತು.

"ಇವರು ಅಂದ್ರ ಅದಕ್ಕ ಹೆಂಗ ತಿಳೀತದ್ರಿ ಅತ್ತಿ? ಹೆಸರ ಹೇಳ್ರಿ," ಎಂದಳು ಭಾಗ್ಯಾ.

"ಗಂಡನ ಹೆಸರ ಯಾರರ ಬಾಯ್ಲೆ ಹೇಳ್ತಾರೇನ? ಅದೂ ಟಿವಿ ಮುಂದ!"

ಸಾಬಣ್ಣ ಹೊಟ್ಟೆ ಹಿಡಿದು ನಕ್ಕ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಮೂರಕ್ಷರ ಹೇಳಲು ಇಷ್ಟು ನಾಚಿಕೆಯೇ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಭಾಗ್ಯಾ ಮಾತ್ರ ಜಗಳಕ್ಕೆ ಹೋಗದೆ ಮಾವನಿಗೆ ಇನ್ನೊಂದು ಟ್ಯಾಗ್ ಅಂಟಿಸಿದಳು: 'ಇವರು'. ಅಂದಿನಿಂದ ಮಾಯವ್ವ "ಇವರು" ಎಂದರೆ ಸಾಕು, ಇನ್ನೂರ ಹದಿನಾಲ್ಕು ವಿಡಿಯೋ ಸಾಲುಗಟ್ಟಿ ನಿಲ್ಲುತ್ತಿದ್ದವು.

ಆ ಯಂತ್ರಕ್ಕೆ ಇನ್ನೊಂದು ಚಾಳಿ ಇತ್ತು. ಎಲ್ಲ ವಿಡಿಯೋಗಳನ್ನೂ ತಾನೇ ಜಾಲಾಡಿ, ಒಂದೇ ಥರದ ಮುಖಗಳನ್ನು ಒಂದು ಕಡೆ ಗುಂಪು ಹಾಕಿ, 'ಹೆಸರಿಲ್ಲದ ವ್ಯಕ್ತಿ ಒಂದು', 'ಹೆಸರಿಲ್ಲದ ವ್ಯಕ್ತಿ ಎರಡು' ಎಂದು ಸಾಲಾಗಿ ನಿಲ್ಲಿಸಿ, ಇವರು ಯಾರು ಎಂದು ಕೇಳುತ್ತಿತ್ತು. ಸಾಬಣ್ಣ ಒಬ್ಬೊಬ್ಬರಿಗೇ ಹೆಸರು ಕೊಡುತ್ತ ಬಂದ. ವ್ಯಕ್ತಿ ಒಂಬತ್ತು ಒಂದು ಟಗರಾಗಿತ್ತು. ಸಾಬಣ್ಣನಿಗೆ ಸಿಟ್ಟೇನೂ ಬರಲಿಲ್ಲ. ಅದು ಹಿಂದೆ ಅವರ ಮನೆಯಲ್ಲೇ ಇದ್ದ ಟಗರು, ಕಾಳಗದಲ್ಲಿ ಹೆಸರು ಮಾಡಿದ್ದು. ಭಕ್ತಿಯಿಂದ 'ಸರದಾರ' ಎಂದು ಬರೆದ.

ವ್ಯಕ್ತಿ ಹದಿನಾಲ್ಕು ಬಂದಾಗ ಮಾತ್ರ ರಿಮೋಟು ಕೆಳಗಿಟ್ಟ. ದೊಡ್ಡ ಕುಂಕುಮ, ಮೂಗಿನಲ್ಲಿ ನತ್ತು, ಎಲ್ಲ ಚಿತ್ರಗಳಲ್ಲೂ ಒಂದಿಷ್ಟು ಹಿಂದೆ, ಒಂದಿಷ್ಟು ಬದಿಗೆ. ಅರವತ್ತೊಂದು ವಿಡಿಯೋಗಳಲ್ಲಿ ಇದ್ದಳು. ಸಾಬಣ್ಣನ ಒಡಹುಟ್ಟಿದ ಅಕ್ಕ, ತುಬಚಿಗೆ ಕೊಟ್ಟ ಮುದಕವ್ವ.

"ಬರೀರಿ," ಎಂದಳು ಮಾಯವ್ವ.

"ಆ ಬೋರ್ಡಿನ ಗಾಡಿ ನಮ್ಮ ಸ್ಟ್ಯಾಂಡಿಗಿ ಬರೂದ ಬಿಟ್ಟ ಹನ್ನೆರಡ ವರ್ಷ ಆತು. ನಾ ಯಾಕ ಬರೀಲಿ?"

"ಟಗರಿಗಿ ಹೆಸರೈತಿ. ಎತ್ತಿ ಆಡಿಸಿದಾಕಿಗಿ ಇಲ್ಲ," ಎಂದು ಮಾಯವ್ವ ಎದ್ದುಹೋದಳು.

ಹನ್ನೆರಡು ವರ್ಷದ ಕಥೆಯನ್ನು ಇಲ್ಲಿ ಹೇಳಲೇಬೇಕು. ತಾಯಿ ಸತ್ತಾಗ ಸಾಬಣ್ಣನಿಗೆ ಮೂರು ವರ್ಷ, ಅಕ್ಕನಿಗೆ ಹನ್ನೊಂದು. ಕುರಿಯ ಹಿಂದೆ ಹೋಗುವಾಗ ಸೊಂಟದ ಮೇಲೆ ತಮ್ಮನನ್ನು ಹೊತ್ತು, ಒಂದು ಕೈಯಲ್ಲಿ ಕೋಲು ಹಿಡಿದು ನಡೆದವಳು ಅವಳು. ಮುಂದೆ ಸಾಬಣ್ಣನ ಮಕ್ಕಳ ಬಾಣಂತನವನ್ನೂ ಅವಳೇ ಮಾಡಿದಳು. ಇಂಥ ಅಕ್ಕನ ಜೊತೆ ಮಾತು ಬಿಟ್ಟದ್ದು ಮಾಳಿಂಗರಾಯನ ಮದುವೆಯ ದಿನ, ಆಯೇರಿ ಹೊತ್ತಿನಲ್ಲಿ. ಆಯೇರಿ ಎಂದರೆ ಮದುವೆ ಮನೆಯವರು ಹತ್ತಿರದ ಬಂಧುಗಳನ್ನು ಒಬ್ಬೊಬ್ಬರಾಗಿ ಮೈಕಿನಲ್ಲಿ ಹೆಸರು ಹಿಡಿದು ಕರೆದು, ಗಂಡಸಿಗೆ ಧೋತರ ರುಮಾಲು, ಹೆಂಗಸಿಗೆ ಸೀರೆ ಕುಪ್ಪಸ ಕೊಟ್ಟು ಮಾನ ಮಾಡುವುದು. ಕೊಡುವ ಬಟ್ಟೆ ಎರಡನೆಯ ಮಾತು, ನಾಲ್ಕು ಮಂದಿಯಲ್ಲಿ ಹೆಸರು ಕೂಗಿಸಿಕೊಳ್ಳುವುದೇ ಮಾನ. ಕೂಗುವವನು ಸಾಬಣ್ಣನೇ, ಬೇರೆ ಯಾರು? ನಲವತ್ತೇಳು ಹೆಸರು ಕೂಗಿದ. ಅಕ್ಕನ ಗಂಡ ಹುಲೆಪ್ಪನ ಹೆಸರು ಅದರಲ್ಲಿ ಯಾರಿಗೂ ಕೇಳಿಸಲಿಲ್ಲ. ಹುಲೆಪ್ಪ ಕಂಬಳಿ ಕೊಡವಿ ಎದ್ದ. ಉಣ್ಣದೆ, ಹೆಂಡತಿಯನ್ನು ಕರೆದುಕೊಂಡು ತುಬಚಿ ದಾರಿ ಹಿಡಿದ.

"ನಾ ಕರದೇನಿ," ಎಂದು ಸಾಬಣ್ಣ ಅಂದಿನಿಂದ ಹೇಳುತ್ತ ಬಂದಿದ್ದಾನೆ. "ಇಷ್ಟ ವರ್ಷದಾಗ ಒಂದ ಬಸ್ಸ ಕೂಗೂದ ಬಿಟ್ಟಿಲ್ಲ, ಮಾಮಾನ ಬಿಡ್ತೇನ್ಯಾ? ಅಂವ ಎಲ್ಲೆ ಎಲೆ ಅಡಕಿ ಹಾಕ್ಕೋತ ನಿಂತಿದ್ನೋ!"

"ಎರಡ ಹೊಲದಾಚೆ ತೋಳ ಬಂದ್ರ ನನ್ನ ಕಿವಿಗಿ ಕೇಳ್ತೈತಿ," ಎಂದು ಹುಲೆಪ್ಪ ತುಬಚಿಯಿಂದ ಹೇಳಿ ಕಳಿಸುತ್ತಿದ್ದ. "ನನ್ನ ಹೆಸರ ಕೇಳಾಂಗಿಲ್ಲೇನ? ಅಂವ ಮೈಕಿನ್ಯಾಗ ನನ್ನ ಹೆಸರ ಕೂಗೂತನಾ ಆ ಮನಿ ಹೊಸ್ತಿಲಾ ತುಳಿಯಾಂಗಿಲ್ಲ."

ಹೀಗೆ ಎರಡು ಕಡೆಯ ಗಂಡಸರೂ ಖರೆ ಮಾತನ್ನು ಹಿಡಿದುಕೊಂಡು ಕೂತರು. ಮುದಕವ್ವನನ್ನು ಯಾರೂ ಏನೂ ಕೇಳಲಿಲ್ಲ.

ಈಗ ಪೂನಮ್‌ಳ ಮದುವೆ ಗೊತ್ತಾಯಿತು. ಮುಧೋಳದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಹುಡುಗಿ, ಸೂಜಿಯನ್ನು ಕೈಯಲ್ಲಷ್ಟೇ ಅಲ್ಲ, ಬಾಯಲ್ಲೂ ಇಟ್ಟುಕೊಂಡವಳು, ಖಡಕ್ಕಾಗಿ ಮಾತಾಡುವವಳು. ಅವರ ಮನೆತನದಲ್ಲಿ ಮದುಮಗಳಿಗೆ ಅರಿಷಿಣದ ಮೊದಲ ಕೈ ಸೋದರತ್ತೆಯದು. ರವಿವಾರ ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತಳು.

"ಯಪ್ಪಾ, ಅತ್ತಿ ಬಂದು ಹಚ್ಚಿದ್ರ ಅರಿಷಿಣ. ಇಲ್ಲಂದ್ರ ನಾ ಅರಿಷಿಣ ಇಲ್ಲದ ಕುಂಡ್ರತೇನಿ. ಬೀಗರಿಗಿ ನೀನ ಹೇಳ್ಕೋ."

ಹೆಣ್ಣಿನ ತಂದೆಗೆ ಬೆವರು ಬಂತು. ಮದುವೆಗೆ ಮೂರು ವಾರ ಉಳಿದಿದೆ. ಅಕ್ಕ ಬರಬೇಕು, ಆದರೆ ತಾನು ತಪ್ಪೊಪ್ಪಿಕೊಂಡು ಹೋಗುವುದು ಮಾತ್ರ ಸಾಧ್ಯವಿಲ್ಲ, ಯಾಕೆಂದರೆ ತಾನು ಕರೆದಿದ್ದಾನೆ! ಹಾಗಾದರೆ ದಾರಿ ಒಂದೇ. ಮಾಳಿಂಗರಾಯನ ಮದುವೆಯ ವಿಡಿಯೋ ತೆಗೆದು, ಕರೆದದ್ದನ್ನು ಟಿವಿಯಲ್ಲಿ ತೋರಿಸಿ, ಹುಲೆಪ್ಪ ಮಾಮಾನ ಬಾಯಿ ಮುಚ್ಚಿಸುವುದು. ಇಂಥ ಹೊತ್ತಿಗೆ ಅಲ್ಲವೆ ಇಷ್ಟು ದಿನ ಟ್ಯಾಗ್ ಹಚ್ಚಿದ್ದು!

ಮದುವೆಯ ಡಿಸ್ಕು ಮೂರು. ಒಂದನೆಯದು ಸಿಕ್ಕಿತು, ಮೂರನೆಯದು ಸಿಕ್ಕಿತು. ಆಯೇರಿ ಇದ್ದದ್ದು ಎರಡನೆಯದರಲ್ಲಿ. ಪೆಟ್ಟಿಗೆ, ಕಪಾಟು, ಹಾಸಿಗೆಯ ಅಡಿ ಎಲ್ಲ ಹುಡುಕಿದ ಮೇಲೆ ಮಾಳಿಂಗರಾಯ ತಲೆ ಕೆರೆದುಕೊಳ್ಳುತ್ತ ಬಾಯಿ ಬಿಟ್ಟ: ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಗಿಣಿಗಳ ಕಾಟ ಹೆಚ್ಚಾಗಿ, ಮಿಂಚಿದರೆ ಹೆದರುತ್ತವೆಂದು ಕೈಗೆ ಸಿಕ್ಕ ಕೆಲವು ಹಳೇ ಡಿಸ್ಕುಗಳನ್ನು ದಾರಕ್ಕೆ ಪೋಣಿಸಿ ಹೊಲದಲ್ಲಿ ಕಟ್ಟಿದ್ದನಂತೆ.

"ನಿನ್ನ ಲಗ್ನಾನ ಗಿಣಿಗಿ ತೋರಸಾಕ ಕಟ್ಟೀಯೇನ್ಲೇ?" ಎಂದು ಸಾಬಣ್ಣ ಹೊಲಕ್ಕೆ ಓಡಿದ.

ಎರಡನೆಯ ಡಿಸ್ಕು ಒಂದು ಗೂಟಕ್ಕೆ ಜೋತುಬಿದ್ದು ಗಾಳಿಗೆ ತಿರುಗುತ್ತಿತ್ತು. ಮೇಲೆ ಹಕ್ಕಿಯ ಹಿಕ್ಕೆ. ಭಾಗ್ಯಾ ಅದನ್ನು ಒರೆಸಿ, ತೊಳೆದು, ಎರಡು ದಿನ ಕಂಪ್ಯೂಟರಿಗೆ ತಿನ್ನಿಸಿ ಉಗುಳಿಸಿ, ಅಂತೂ ಮುಕ್ಕಾಲು ಪಾಲು ಓದಿಸಿದಳು. ಮಂಗಳವಾರ ಮಧ್ಯಾಹ್ನ ಸಾಬಣ್ಣ, ಮಾಯವ್ವ, ಭಾಗ್ಯಾ ಮೂವರೂ ಟಿವಿಯ ಮುಂದೆ ಕೂತರು.

ಸೇಬುಹಣ್ಣಿನೊಳಗಿಂದ ಮಾಳಿಂಗರಾಯ ಹೊರಬಂದ. ಕಮಲದೊಳಗಿಂದ ಭಾಗ್ಯಾ ಹೊರಬಂದಳು. ಇಬ್ಬರೂ ಒಂದು ಹೃದಯದೊಳಗೆ ಸೇರಿ ಗರಗರ ತಿರುಗಿ ಹಿಮಾಲಯದ ಮೇಲೆ ಇಳಿದರು. ಆಮೇಲೆ ಹಂದರ, ಬಣ್ಣದ ಬಟ್ಟೆ, ಜನ, ಮೈಕಿನ ಮುಂದೆ ಹನ್ನೆರಡು ವರ್ಷ ಸಣ್ಣವನಾದ ಸಾಬಣ್ಣ. ಕೈಯಲ್ಲಿ ಪಟ್ಟಿ. ಸಾಬಣ್ಣ ಮುಂದಕ್ಕೆ ಬಾಗಿದ. ಟಿವಿಯೊಳಗಿನವನು ಬಾಯಿ ತೆರೆದ. ಕೇಳಿಸಿದ್ದು ಯಾವುದೋ ಸಿನಿಮಾದ ಹಾಡು, ಹಿಂದೆ ಶಹನಾಯಿ.

"ನನ್ನ ದನಿ ಎಲ್ಲೈತಿ?"

"ವಿಡಿಯೋದವ್ರು ಹಾಡು ಕೂಡಿಸ್ಯಾರ್ರಿ ಮಾವಾರ. ಆವಾಗೆಲ್ಲಾ ಹಂಗ ಮಾಡ್ತಿದ್ರು. ಚಂದ ಕಾಣ್ಲಿ ಅಂತ."

ಸಾಬಣ್ಣ ಎದೆ ಹಿಡಿದುಕೊಂಡ. ಇಡೀ ಮಹಾಲಿಂಗಪುರ ನಂಬಿ ಬಸ್ ಹತ್ತುತ್ತಿದ್ದ ದನಿಯ ಮೇಲೆ ಯಾವನೋ ಶಹನಾಯಿ ಊದಿಸಿದ್ದಾನೆ! ನಲವತ್ತು ನಿಮಿಷ ಅವನ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಒಂದಕ್ಷರ ಹೊರಬೀಳುವುದಿಲ್ಲ. ಆದರೂ ಸಾಬಣ್ಣ ಬಿಡಲಿಲ್ಲ. ಪಟ್ಟಿಯ ಕ್ರಮ ಅವನಿಗೆ ನೆನಪಿತ್ತು. ಮೊದಲು ಬೀಗರು, ಆಮೇಲೆ ಮಾಯವ್ವನ ತವರಿನವರು, ಆಮೇಲೆ ತುಬಚಿ. ಬೆರಳು ಮಡಚುತ್ತ, ಎದ್ದು ಬಂದು ಬಟ್ಟೆ ತೆಗೆದುಕೊಂಡವರನ್ನು ಗುರುತಿಸುತ್ತ ಹೋದ. "ಈಗ ಬರ್ತಾನ ನೋಡು... ಈಗ... ಹಾಂ!" ಟಿವಿಯೊಳಗಿನ ಸಾಬಣ್ಣನ ತುಟಿಗಳು ಮುಂದೆ ಚಾಚಿ ಒಂದು ಹೆಸರು ಹೇಳಿದವು. ಯಾರೂ ಎದ್ದು ಬರಲಿಲ್ಲ. ಅವನು ಮೈಕಿಗೆ ಬೆರಳಿನಿಂದ ಬಡಿದ, ಊದಿದ, ಪಕ್ಕದವನ ಜೊತೆ ಏನೋ ಮಾತಾಡಿದ, ಮತ್ತೆ ಪಟ್ಟಿ ನೋಡಿ ಮುಂದಿನ ಹೆಸರಿಗೆ ಹೋದ.

"ನಿಲ್ಲಸ್ರಿ," ಎಂದಳು ಭಾಗ್ಯಾ. ರಿಮೋಟು ಇಸಿದುಕೊಂಡು ಹಿಂದೆ ಸರಿಸಿದಳು, ಮತ್ತೆ ಓಡಿಸಿದಳು. "ನಿಮ್ಮ ಬಾಜೂಕಿನ ಫ್ಯಾನ್ ನೋಡ್ರಿ ಮಾವಾರ."

ಮೈಕಿನ ಪಕ್ಕದಲ್ಲಿ ಎತ್ತರದ ಒಂದು ಫ್ಯಾನು ತಿರುಗುತ್ತಿತ್ತು. ಆ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಅದರ ರೆಕ್ಕೆಗಳು ನಿಧಾನವಾಗಿ, ಒಂದೊಂದೇ ಕಾಣತೊಡಗಿ, ನಿಂತೇಬಿಟ್ಟವು. ಮೈಕು ಬಡಿದು ಊದಿದ ಮೇಲೆ ಮತ್ತೆ ತಿರುಗಿದವು.

ಕರೆಂಟು ಹೋಗಿತ್ತು. ಸಾಬಣ್ಣ ಕರೆದದ್ದು ಖರೆ, ಹುಲೆಪ್ಪನಿಗೆ ಕೇಳಿಸದಿದ್ದದ್ದೂ ಖರೆ. ಕರೆಂಟು ಬಂದ ಮೇಲೆ ಅದೇ ಹೆಸರನ್ನು ಇನ್ನೊಮ್ಮೆ ಕರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಬಸ್ ಸ್ಟ್ಯಾಂಡಿನ ರೂಢಿ. ಒಮ್ಮೆ ಕೂಗಿದ ಗಾಡಿಯನ್ನು ಮತ್ತೆ ಕೂಗಿದರೆ ಜನ ಗೊಂದಲಕ್ಕೆ ಬೀಳುತ್ತಾರೆ.

"ಕರದೇನಿ! ನೋಡ್ರಿ, ಕರದೇನಿ!" ಸಾಬಣ್ಣ ಪಡಸಾಲೆಯಲ್ಲಿ ಕುಣಿಯುವುದೊಂದು ಬಾಕಿ. "ಹಚ್ಚವಾ ಭಾಗ್ಯಾ, ಇದನ್ನ ಫೋನಿಗಿ ಹಾಕು. ಈಗಿಂದೀಗ ತುಬಚಿಗಿ ಹೋಗಿ ಮಾಮಾನ ಮುಖಕ್ಕ ಹಿಡಿತೇನಿ. ಹನ್ನೆರಡ ವರ್ಷ ನನ್ನ ಸುಳ್ಳ ಮಾಡಿದಿ, ಈಗ ಹೇಳು ಅಂತೇನಿ!"

ಮಾಯವ್ವ ಸೊಸೆಯ ಕೈಯಿಂದ ರಿಮೋಟು ತೆಗೆದುಕೊಂಡಳು. ಇಷ್ಟು ದಿನದಲ್ಲಿ ಅವಳೂ ನೋಡಿ ನೋಡಿ ಕಲಿತಿದ್ದಳು. ಮುಖಗಳ ಸಾಲಿಗೆ ಹೋಗಿ, ಹೆಸರಿಲ್ಲದ ವ್ಯಕ್ತಿ ಹದಿನಾಲ್ಕನ್ನು ಒತ್ತಿ, ಅದೇ ಮದುವೆಯ ವಿಡಿಯೋ ತೆರೆದಳು. ಯಂತ್ರ ಆ ಮುಖ ಕಂಡ ಜಾಗಗಳನ್ನಷ್ಟೇ ಆರಿಸಿ ತೋರಿಸಿತು.

ಹಂದರದ ಕಂಬದ ಪಕ್ಕ, ಹೆಂಗಸರ ಸಾಲಿನ ತುದಿಯಲ್ಲಿ ಮುದಕವ್ವ ಕೂತಿದ್ದಾಳೆ. ಹೊಸ ಇಳಕಲ್ ಸೀರೆ. ಕಣ್ಣು ಮೈಕಿನ ಕಡೆಗಿದೆ, ಮುಖದಲ್ಲಿ ತಮ್ಮನನ್ನು ನೋಡುವ ಹೆಮ್ಮೆ. ಬೀಗರ ಹೆಸರುಗಳು ಮುಗಿದಾಗ ಸೆರಗು ಸರಿಮಾಡಿಕೊಂಡು, ಮೊಣಕಾಲಿಗೆ ಕೈಯೂರಿ ಅರ್ಧ ಎದ್ದಳು. ಬೇರೆ ಯಾರೋ ಎದ್ದು ಹೋದರು. ನಗುತ್ತಲೇ ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಅರ್ಧ ಎದ್ದಳು. ಈ ಸಲವೂ ಅವಳಲ್ಲ. ಪಕ್ಕದವಳು ಏನೋ ಕೇಳಿದಳು, ಇವಳು ತಲೆಯಾಡಿಸಿ ನಕ್ಕಳು. ಮೂರನೆಯ ಸಲ ಎದ್ದಾಗ ನಗು ಇರಲಿಲ್ಲ. ಕೂತು, ಸೆರಗಿನ ಅಂಚನ್ನು ಮಡಚಿ ಮಡಚಿ ಬಿಡಿಸತೊಡಗಿದಳು. ಮೇಲೆ ಅದೇ ಶಹನಾಯಿ.

ಸಾಬಣ್ಣ ಟಿವಿಯ ಮುಂದೆ ನಿಂತವನು ನಿಂತೇ ಇದ್ದ. ಆಮೇಲೆ ತಾನೇ ರಿಮೋಟು ತೆಗೆದುಕೊಂಡು ಹಿಂದೆ ಸರಿಸಿ ಇನ್ನೊಮ್ಮೆ ನೋಡಿದ. ಆ ಹೊತ್ತಿನಲ್ಲಿ ಅವನ ಕಣ್ಣು ಪಟ್ಟಿಯ ಮೇಲಿತ್ತು. ತಲೆ ಎತ್ತಿದ್ದರೆ ಅಕ್ಕ ನೇರ ಎದುರಿಗೇ ಕಾಣುತ್ತಿದ್ದಳು. ಅವನು ಅತ್ತೇಬಿಟ್ಟ. ಅರವತ್ತರ ಗಂಡಸು ಸೊಸೆಯ ಮುಂದೆ ಅಳುವುದು ಆ ಮನೆಯಲ್ಲಿ ಅದೇ ಮೊದಲು. ಭಾಗ್ಯಾ ಚಹಾ ಮಾಡುವ ನೆವದಿಂದ ಒಳಗೆ ಹೋದಳು.

"ಫೋನಿಗಿ ಹಾಕೂದ ಬ್ಯಾಡ," ಎಂದ ಸಾಬಣ್ಣ, ಮೂಗು ಒರೆಸಿಕೊಂಡು. "ನಾಳಿ ಧೋತರಾ, ರುಮಾಲಾ, ಒಂದ ಛಲೋ ಸೀರಿ ತಗೋಬೇಕು. ಮೈಕ ಒಂದಿದ್ರ..."

ಮಾಯವ್ವ ಎದ್ದು ಒಳಗೆ ಹೋಗಿ, ಜೋಳದ ಡಬ್ಬಿಗೆ ಮೊಳಕೈವರೆಗೆ ಕೈ ಇಳಿಸಿ ಕೈಮೈಕು ಎಳೆದಳು. ಅದರ ಬಾಯಿಂದ ಪಾವು ಜೋಳ ಸುರಿಯಿತು. "ತಗೋರಿ. ಹೊಸಾ ಸೆಲ್ ಹಾಕಿ ಕೊಡ್ತೇನಿ. ಈ ಸಲ ಕರೆಂಟಿನ ನೆವಾ ಹೇಳಾಂಗಿಲ್ಲ."

ಗುರುವಾರ ಜಮಖಂಡಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಮೂವರೂ ತುಬಚಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಹುಲೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಬಂದವರನ್ನು ನೋಡಿ ಮುಖ ತಿರುಗಿಸಿ ಗೋಡೆಯನ್ನು ನೋಡತೊಡಗಿದ. ಸಾಬಣ್ಣ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಮೈಕೆತ್ತಿ, ಗುಂಡಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ," ಎಂದು ರೂಢಿಯಿಂದ ಬಂದೇಬಿಟ್ಟಿತು. ಓಣಿಯ ಬಾಗಿಲುಗಳು ತೆರೆದವು. "ಹನ್ನೆರಡು ವರ್ಷ ತಡವಾಗಿ ಕೂಗಲಾಗುತ್ತಿದೆ. ತುಬಚಿ ಗ್ರಾಮದ ಶ್ರೀ ಹುಲೆಪ್ಪನವರು, ನಮ್ಮ ಮಾಮಾನವರು, ಆಯೇರಿ ಸ್ವೀಕರಿಸಬೇಕಾಗಿ ವಿನಂತಿ. ತಡವಾದದ್ದಕ್ಕೆ ವಿಷಾದಿಸುತ್ತೇವೆ."

ಹುಲೆಪ್ಪ ಗೋಡೆ ನೋಡುತ್ತಲೇ ಹೇಳಿದ: "ಕೇಳಸಲಿಲ್ಲ. ಇನ್ನೊಮ್ಮಿ."

ತೋಳದ ಸಪ್ಪಳ ಕೇಳುವ ಕಿವಿಗೆ ಮೂರು ಸಲ ಕೂಗಬೇಕಾಯಿತು. ಮೂರನೆಯ ಸಲ ಓಣಿಯವರೂ ಸೇರಿ ಕೂಗಿದರು. ಆಗ ಹುಲೆಪ್ಪ ಮೀಸೆಯ ಅಡಿಯಲ್ಲಿ ನಗು ಅಡಗಿಸಿಕೊಂಡು ಎದ್ದು ಬಂದು, ತಲೆ ಬಾಗಿಸಿ ರುಮಾಲು ಸುತ್ತಿಸಿಕೊಂಡ. "ಗಂಟಲಾ ಇನ್ನೂ ಗಟ್ಟಿ ಐತಲ್ಲೋ ಸಾಬಾ," ಎಂದು ಬೆನ್ನಿಗೆ ಗುದ್ದಿದ. ಅಷ್ಟಕ್ಕೆ ಹನ್ನೆರಡು ವರ್ಷ ಮುಗಿಯಿತು ಎಂದು ಗಂಡಸರಿಬ್ಬರೂ ತಿಳಿದರು.

ಬಾಗಿಲು ತೆರೆದಿತ್ತು. ಒಳಗೆ ಪಡಸಾಲೆಯಲ್ಲಿ ಮುದಕವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ, ಬಾರ. ಸೀರಿ ತಂದೇನಿ," ಎಂದ ಸಾಬಣ್ಣ.

"ಯಾರ ಹೆಸರ ಕರದ್ಯೋ ಅವ್ರು ಬಂದಾರಲ್ಲ. ನನ್ನ ಯಾರ ಕರದಾರ?"

"ನನ್ನ ಕರದ್ರ ನಿನ್ನೂ ಕರದಂಗ ಅಲ್ಲೇನ?" ಎಂದ ಹುಲೆಪ್ಪ, ರುಮಾಲಿನ ತುದಿ ಸಿಕ್ಕಿಸಿಕೊಳ್ಳುತ್ತ.

"ನೀವಿಬ್ರೂ ನಿಮ್ಮ ನಿಮ್ಮ ಮಾನಕ್ಕ ಬಡದಾಡಿದ್ರಿ. ನಾ ಅವತ್ತ ಎದ್ದ ಎದ್ದ ಕುಂತದ್ದ ಯಾರ ನೋಡೀರಿ?"

ಹುಲೆಪ್ಪ ರುಮಾಲಿನ ತುದಿ ಬಿಟ್ಟು ಸಾಬಣ್ಣನ ಕಡೆ ನೋಡಿದ.

"ನಾ ನೋಡೇನಿ," ಎಂದ ಸಾಬಣ್ಣ. "ಮೂರ ಸಲ ಎದ್ದಿ."

ಮೊರದ ಸಪ್ಪಳ ನಿಂತಿತು. "ಯಾವಾಗ ನೋಡಿದಿ?"

"ಮೊನ್ನಿ. ಮಂಗಳವಾರ."

ಮುದಕವ್ವ ತಲೆ ಎತ್ತಿ ತಮ್ಮನ ಮುಖ ನೋಡಿದಳು. "ಹಂಗಾರ ಕರಿ," ಎಂದಳು. "ಅಪ್ಪಾ ಇಟ್ಟ ಹೆಸರ ಐತಿ ನನಗ. ಆ ಹೆಸರ್ಲೆ ಕರಿ. ಎಪ್ಪತ್ತ ವರ್ಷದಾಗ ಒಮ್ಮಿನೂ ಮೈಕಿನ್ಯಾಗ ಕೇಳಿಲ್ಲ."

ಸಾಬಣ್ಣ ಮೈಕೆತ್ತಿದ. ದನಿ ಹೊರಡಲಿಲ್ಲ. ನಾಡಿನ ಊರುಗಳ ಹೆಸರನ್ನೆಲ್ಲ ದಿನಕ್ಕೆ ನೂರು ಸಲ ಕೂಗಿದ ಬಾಯಿಗೆ ಈ ಒಂದು ಹೆಸರು ಎಂದೂ ಬಂದಿರಲಿಲ್ಲ. ಅವನಿಗೆ ಮಾತು ಬಂದಂದಿನಿಂದ ಅವಳು ಅಕ್ಕ. ತಾಯಿಯಂಥವಳ ಹೆಸರು ಹಿಡಿಯುವುದು ಹೇಗೆ? ಕಿವಿಯ ತುದಿಯವರೆಗೆ ಕೆಂಪಾದ.

"ಹೇಳ್ರಿ, ಹೇಳ್ರಿ," ಎಂದಳು ಪಕ್ಕದಲ್ಲಿದ್ದ ಮಾಯವ್ವ, ಬಹಳ ಸಮಾಧಾನದಿಂದ. "ನಾಕ ಅಕ್ಷರದ ಹೆಸರು. ನಾಚಿಕಿ ಯಾಕ?"

"ಮುದಕವ್ವ," ಎಂದ ಸಾಬಣ್ಣ. ಮೈಕು ಹಿಡಿದಿದ್ದರೂ ಪಕ್ಕದವರಿಗಷ್ಟೇ ಕೇಳಿಸಿತು.

"ಕರೆಂಟ್ ಹೋಗೇತೇನೋ ತಮ್ಮಾ?" ಎಂದಳು ಒಳಗಿನಿಂದ.

ಸಾಬಣ್ಣ ಉಸಿರು ಎಳೆದುಕೊಂಡ. ಆಮೇಲೆ ಕೂಗಿದ ಕೂಗಿಗೆ ಓಣಿಯ ತುದಿಯಲ್ಲಿ ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು. "ಮುದಕವ್ವ! ನನ್ನ ಹೊತ್ತ ತಿರಗಿದಾಕಿ, ನನ್ನ ಅಕ್ಕ ಮುದಕವ್ವ! ಎಲ್ಲಿದ್ರೂ ಬರಬೇಕು!"

ಮುದಕವ್ವ ಮೊರವನ್ನು ಬದಿಗಿಟ್ಟಳು. ಸೆರಗು ಸರಿಮಾಡಿಕೊಂಡು, ಮೊಣಕಾಲಿಗೆ ಕೈಯೂರಿ ಅರ್ಧ ಎದ್ದಳು. ಈ ಸಲ ಅವಳು ಕೂಡಲಿಲ್ಲ. ಪೂರ್ತಿ ಎದ್ದು, ಹೊಸ್ತಿಲು ದಾಟಿ, ಸೀರೆಯ ಕಡೆ ನೋಡದೆ ತಮ್ಮನ ಕೈಯಿಂದ ಮೈಕು ಕಿತ್ತುಕೊಂಡಳು. ಗುಂಡಿ ಇನ್ನೂ ಒತ್ತಿಯೇ ಇದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಪೂನಮ್‌ಗ ಅರಿಷಿಣ ಯಾವತ್ತಂತ ಹೇಳೋ ಮೊದಲ," ಎಂದು ಅವಳು ಕೇಳಿದ್ದು ಇಡೀ ತುಬಚಿಗೆ ಕೇಳಿಸಿತು.